ಗೇರುಬೀಜದ ಕಾರ್ಖಾನೆಗೆ ಯಂತ್ರ ಬಂದಾಗ: ಲಾಭನಷ್ಟದ ಪೂರ್ಣ ಲೆಕ್ಕ

ಯಂತ್ರಗಳು ಮನುಷ್ಯರ ಕೆಲಸವನ್ನು ಕಸಿದುಕೊಳ್ಳುತ್ತಿವೆಯೇ ಎಂಬ ಪ್ರಶ್ನೆ ಹೊಸತೇನಲ್ಲ. ಆದರೆ ವಾಣಿಜ್ಯ ಸಂಸ್ಥೆಯ ಸದಸ್ಯರ ಮಟ್ಟಿಗೆ ಈ ಪ್ರಶ್ನೆ ಚರ್ಚಾಗೋಷ್ಠಿಯ ವಿಷಯವಾಗಿ ಬರುವುದಿಲ್ಲ. ಯಂತ್ರ ತಯಾರಕನ ದರಪಟ್ಟಿಯ ರೂಪದಲ್ಲಿ ಮೇಜಿನ ಮೇಲೆ ಬಂದು ಬೀಳುತ್ತದೆ. "ಈ ಯಂತ್ರ ಮೂವತ್ತು ಮಂದಿಯ ಕೆಲಸ ಮಾಡುತ್ತದೆ, ಎರಡು ವರ್ಷದಲ್ಲಿ ಹಾಕಿದ ಹಣ ಹಿಂತಿರುಗುತ್ತದೆ" ಎಂಬ ಆಶ್ವಾಸನೆಯೊಡನೆ ಬರುವ ಈ ಪಟ್ಟಿಯನ್ನು ಹೇಗೆ ಓದಬೇಕು, ಅದರಲ್ಲಿ ಕಾಣದ ಖರ್ಚುಗಳು ಯಾವುವು, ಕೆಲಸ ಕಳೆದುಕೊಂಡವರ ಊರಿನಲ್ಲಿ ಏನಾಗುತ್ತದೆ ಎಂಬುದನ್ನು ನಮ್ಮ ಕರಾವಳಿಯದೇ ಆದ ಒಂದು ಉದ್ಯಮದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಉದ್ಯಮ ಗೇರುಬೀಜ ಸಂಸ್ಕರಣೆ. ಬೇರೆ ಕಸುಬಿನ ಸದಸ್ಯರು ಬೀಜದ ಜಾಗದಲ್ಲಿ ತಮ್ಮ ತಮ್ಮ ಸರಕನ್ನು ಇಟ್ಟು ಓದಿಕೊಳ್ಳಬಹುದು.

ಗೇರುಮರ ನಮ್ಮದಲ್ಲ. ಬ್ರೆಜಿಲಿನಿಂದ ಪೋರ್ಚುಗೀಸರು ಅದನ್ನು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದರು. ಮಣ್ಣಿನ ಸವೆತವನ್ನು ತಡೆಯಲು ನೆಟ್ಟ ಮರ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಗುಡ್ಡದ ಮರವಾಗಿಯೇ ಉಳಿಯಿತು. ತಿರುಳನ್ನು ಹದಮಾಡಿ ಪರದೇಶಕ್ಕೆ ಕಳುಹಿಸುವ ವ್ಯಾಪಾರ ಕೊಲ್ಲಂ ಮತ್ತು ಮಂಗಳೂರುಗಳಲ್ಲಿ ಬೇರೂರಿದ್ದು 1920ರ ದಶಕದಿಂದೀಚೆಗೆ. ಅಂದಿನಿಂದ ಈ ಉದ್ಯಮ ನಿಂತದ್ದು ಮುಖ್ಯವಾಗಿ ಹೆಂಗಸರ ಕೈಬೆರಳುಗಳ ಮೇಲೆ.

ಕೆಲಸದ ಕ್ರಮವನ್ನು ಅರಿಯದೆ ಯಂತ್ರದ ಪ್ರಶ್ನೆ ಅರ್ಥವಾಗದು. ಹಸಿ ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ ಅಥವಾ ಹುರಿಯುತ್ತಾರೆ. ಬಳಿಕ ಗಟ್ಟಿ ಹೊರಚಿಪ್ಪನ್ನು ಒಡೆದು ತಿರುಳನ್ನು ಬಿಡಿಸಬೇಕು. ಈ ಚಿಪ್ಪಿನೊಳಗೆ ಚರ್ಮವನ್ನು ಸುಡುವ ಎಣ್ಣೆಯಿದೆ. ಕಾಲಿನಿಂದ ಒತ್ತುವ ಕಟ್ಟಿಂಗ್ ಯಂತ್ರದ ಮುಂದೆ ಕುಳಿತು ಬೀಜ ಒಡೆದವರ ಬೆರಳುಗಳು ಕಪ್ಪಾಗಿ, ರೇಖೆಗಳು ಅಳಿಸಿಹೋಗಿರುವುದನ್ನು ನೋಡದವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆ. ಎಣ್ಣೆ, ಬೂದಿ ಹಚ್ಚಿಕೊಂಡು ಕುಳಿತರೂ ಪೂರ್ಣ ರಕ್ಷಣೆ ಇಲ್ಲ. ಒಡೆದ ತಿರುಳನ್ನು ಬೋರ್ಮಾದಲ್ಲಿ ಒಣಗಿಸಿ, ಒಳಗಿನ ಕೆಂಪು ಸಿಪ್ಪೆಯನ್ನು ತೆಗೆದು, ಗಾತ್ರ ಮತ್ತು ಬಣ್ಣಕ್ಕೆ ಅನುಸಾರವಾಗಿ ವಿಂಗಡಿಸುತ್ತಾರೆ. ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ 300ರಿಂದ 320 ಇಡಿ ತಿರುಳು ಎಂಬುದು ಈ ವ್ಯಾಪಾರದವರಿಗೆಲ್ಲ ತಿಳಿದಿದೆ. ಇಡಿ ತಿರುಳಿಗೆ ಒಂದು ಬೆಲೆ, ಹೋಳಾದರೆ ಅದಕ್ಕಿಂತ ಕಡಿಮೆ, ತುಂಡಾದರೆ ಇನ್ನೂ ಕಡಿಮೆ. ಮುಂದೆ ಬರುವ ಲೆಕ್ಕವೆಲ್ಲ ಈ ಒಂದು ವಾಕ್ಯದ ಮೇಲೆ ನಿಂತಿದೆ.

ಯಂತ್ರ ಬಂದುದೇಕೆ?

ಮಜೂರಿ ಉಳಿಸಲು ಯಂತ್ರ ಬಂತು ಎಂದು ಹೇಳುವುದು ರೂಢಿ. ಇದು ಅರ್ಧಸತ್ಯ. ವಿಯೆಟ್ನಾಂ ದೇಶದ ಉದಾಹರಣೆಯನ್ನು ನೋಡೋಣ. ಗೇರು ತಿರುಳಿನ ರಫ್ತಿನಲ್ಲಿ ದಶಕಗಳ ಕಾಲ ಮೊದಲ ಸ್ಥಾನದಲ್ಲಿದ್ದ ಭಾರತವನ್ನು ಆ ದೇಶ 2006ರಲ್ಲಿ ಹಿಂದಿಕ್ಕಿತು. ಆರಂಭದಲ್ಲಿ ಅಲ್ಲಿಯೂ ಕೈಯಿಂದಲೇ ಬೀಜ ಒಡೆಯುತ್ತಿದ್ದರು. ಆದರೆ ಬಟ್ಟೆ ಮತ್ತು ಪಾದರಕ್ಷೆಯ ಕಾರ್ಖಾನೆಗಳು ಹೆಚ್ಚಿದಂತೆ ಕೈಸುಡುವ ಎಣ್ಣೆಯ ಕೆಲಸಕ್ಕೆ ಜನ ಸಿಗದಾದರು. ಅಲ್ಲಿನ ಉದ್ಯಮಿಗಳು ಬೀಜ ಒಡೆಯುವ, ಸಿಪ್ಪೆ ತೆಗೆಯುವ ಯಂತ್ರಗಳನ್ನು ತಮ್ಮಲ್ಲಿಯೇ ರೂಪಿಸಿಕೊಂಡರು, ಅನಂತರ ಅವನ್ನು ಇತರ ದೇಶಗಳಿಗೂ ಮಾರತೊಡಗಿದರು. ಅಂದರೆ ಮೊದಲು ಜನ ಹೋದರು, ಅನಂತರ ಯಂತ್ರ ಬಂತು.

ನಮ್ಮಲ್ಲಿಯೂ ಚಿತ್ರ ಬಹುಮಟ್ಟಿಗೆ ಇದೇ. ಕಾರ್ಕಳ, ಕುಂದಾಪುರ, ಪುತ್ತೂರು ಕಡೆಯ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಸಾಲಿನಲ್ಲಿ ಕುಳಿತವರ ವಯಸ್ಸನ್ನು ಗಮನಿಸಿದರೆ ಸಾಕು. ತಾಯಂದಿರು ಆ ಸಾಲಿನಲ್ಲಿದ್ದಾರೆ; ಮಕ್ಕಳು ಪದವಿ ಮುಗಿಸಿ ಬಟ್ಟೆ ಅಂಗಡಿಯಲ್ಲೋ, ಆಸ್ಪತ್ರೆಯಲ್ಲೋ, ಬೆಂಗಳೂರಿನಲ್ಲೋ ಇದ್ದಾರೆ. ಮಗಳು ಇಲ್ಲಿಗೆ ಬರಬಾರದೆಂದೇ ತಾಯಿ ಇಲ್ಲಿ ದುಡಿದದ್ದು. ಈ ಕೊರತೆಯನ್ನು ತುಂಬಲು ಕೆಲವರು ಉತ್ತರ ಮತ್ತು ಪೂರ್ವ ಭಾರತದ ರಾಜ್ಯಗಳಿಂದ ಕಾರ್ಮಿಕರನ್ನು ಕರೆತಂದರು, ಕೆಲವರು ಯಂತ್ರ ತಂದರು, ಹಲವರು ಎರಡನ್ನೂ ತಂದರು. ಇದರ ಜೊತೆಗೆ, ಆಹಾರ ಪದಾರ್ಥಕ್ಕೆ ಮನುಷ್ಯರ ಕೈ ಎಷ್ಟು ಕಡಿಮೆ ತಾಗಿದರೆ ಅಷ್ಟು ಒಳ್ಳೆಯದೆಂಬ ಪರದೇಶಿ ಖರೀದಿದಾರರ ಬೇಡಿಕೆಯೂ ಸೇರಿತು.

ಯಂತ್ರ ತರದಿದ್ದರೆ ಉದ್ಯೋಗ ಉಳಿಯುತ್ತದೆಯೇ? ಕೊಲ್ಲಂ ಈ ಪ್ರಶ್ನೆಗೆ ಕಹಿಯಾದ ಉತ್ತರ ನೀಡಿದೆ. ಕೇರಳ ಸರಕಾರ 1969ರಲ್ಲಿ ಗೇರು ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಕಾರ್ಮಿಕ ಸಂಘಗಳು ಬಲವಾಗಿದ್ದವು. ಕೈಕೆಲಸವೇ ಗುಣಮಟ್ಟದ ಗುರುತೆಂಬ ಹೆಮ್ಮೆಯೂ ಇತ್ತು. ಆದರೆ ಮಜೂರಿ ಹೆಚ್ಚಿದಂತೆ ಬಹಳ ಮಾಲೀಕರು ಗಡಿಯಾಚೆಯ ಕನ್ಯಾಕುಮಾರಿ ಜಿಲ್ಲೆಗೆ ಕಾರ್ಖಾನೆಗಳನ್ನು ಸಾಗಿಸಿದರು. 2015ರ ಅನಂತರದ ವರ್ಷಗಳಲ್ಲಿ ಹೆಚ್ಚಿದ ಮಜೂರಿ, ಏರಿದ ಹಸಿ ಬೀಜದ ಬೆಲೆ, 2016ರ ಕೇಂದ್ರ ಮುಂಗಡಪತ್ರದಲ್ಲಿ ಹಸಿ ಬೀಜದ ಮೇಲೆ ಬಿದ್ದ ಶೇಕಡ 5ರ ಆಮದು ಸುಂಕ, ವಿಯೆಟ್ನಾಮಿನ ಸ್ಪರ್ಧೆ ಇವೆಲ್ಲ ಒಟ್ಟಾಗಿ ನೂರಾರು ಕಾರ್ಖಾನೆಗಳು ಬಾಗಿಲು ಹಾಕಿದವು. 2018ರಲ್ಲಿ ಸುಂಕವನ್ನು ಶೇಕಡ 2.5ಕ್ಕೆ ಇಳಿಸಲಾಯಿತು; ಮುಚ್ಚಿದ ಬಾಗಿಲುಗಳೆಲ್ಲ ಅದರಿಂದ ತೆರೆಯಲಿಲ್ಲ. ಹೊರಗಿನ ಅಗ್ಗದ ತಿರುಳನ್ನು ತಡೆಯಲು 2019ರಲ್ಲಿ ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯನ್ನು ಇಡಿ ತಿರುಳಿಗೆ ಕಿಲೋಗೆ 720 ರೂಪಾಯಿ, ತುಂಡಿಗೆ 680 ರೂಪಾಯಿ ಎಂದು ಏರಿಸಬೇಕಾಗಿ ಬಂತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕೊಲ್ಲಂನ ಹೆಂಗಸರ ಕೆಲಸವನ್ನು ಕಸಿದ ಯಂತ್ರಗಳಲ್ಲಿ ಬಹುಪಾಲು ಕೊಲ್ಲಂನಲ್ಲಿ ಇರಲೇ ಇಲ್ಲ. ಅವು ಸಮುದ್ರದಾಚೆ ಇದ್ದವು. ಯಂತ್ರಕ್ಕೆ ಬಾಗಿಲು ಮುಚ್ಚಿದವನ ಬಳಿಗೆ ಯಂತ್ರದ ಸರಕು ಕಿಟಕಿಯಿಂದ ಬರುತ್ತದೆ.

ಹಾಗೆಂದು ಎಲ್ಲ ಉದ್ಯೋಗನಷ್ಟಕ್ಕೂ ಯಂತ್ರವನ್ನೇ ಹೊಣೆ ಮಾಡುವುದೂ ಸರಿಯಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಒಂದು ಕಾಲದಲ್ಲಿ ನೇತ್ರಾವತಿಯ ದಡದುದ್ದಕ್ಕೂ ಸಾವಿರಾರು ಸಂಸಾರಗಳನ್ನು ಸಾಕಿತ್ತು. ಆ ಕೆಲಸಗಾರರನ್ನು ಯಾವ ಯಂತ್ರವೂ ಹೊರಹಾಕಲಿಲ್ಲ. ಜನ ಕಾಂಕ್ರೀಟು ಛಾವಣಿ ಬಯಸಿದರು, ಒಳ್ಳೆಯ ಜೇಡಿ, ಸೌದೆ ದುಬಾರಿಯಾದವು, ಗೂಡುಗಳು ತಣ್ಣಗಾದವು. ಇವೆರಡರ ವ್ಯತ್ಯಾಸ ಮುಖ್ಯ. ಬೇಡಿಕೆ ಸತ್ತ ಉದ್ಯಮದಲ್ಲಿ ಮಾಲೀಕನೂ ಕಾರ್ಮಿಕನೂ ಒಟ್ಟಿಗೆ ಮುಳುಗುತ್ತಾರೆ. ಯಂತ್ರೀಕರಣದಲ್ಲಿ ಉದ್ಯಮ ಬೆಳೆಯುತ್ತಿರುವಾಗಲೇ ಒಬ್ಬ ಇಳಿಯುತ್ತಾನೆ. ಆದ್ದರಿಂದಲೇ ಅಲ್ಲಿ ಹಂಚಿಕೊಳ್ಳಲು ಏನಾದರೂ ಇರುತ್ತದೆ.

ಬ್ಯಾಂಕಿನ ಗುಮಾಸ್ತ, ಕಾರ್ಖಾನೆಯ ಅಕ್ಕ

ಬ್ಯಾಂಕುಗಳ ತವರೆನಿಸಿಕೊಂಡ ನಮ್ಮ ಜಿಲ್ಲೆಗಳಿಗೆ ಗಣಕಯಂತ್ರದ ಕಥೆ ಚೆನ್ನಾಗಿ ಗೊತ್ತು. ಬ್ಯಾಂಕು ನೌಕರರ ಸಂಘಗಳು ಗಣಕೀಕರಣವನ್ನು ಬಲವಾಗಿ ವಿರೋಧಿಸಿದ್ದವು. 1983ರಲ್ಲಿ ಬ್ಯಾಂಕುಗಳ ಒಕ್ಕೂಟಕ್ಕೂ ನೌಕರರ ಸಂಘಗಳಿಗೂ ಒಪ್ಪಂದವಾಗಿ ಯಂತ್ರಗಳು ಮಿತವಾಗಿ, ಹಂತಹಂತವಾಗಿ ಒಳಬಂದವು. ರಂಗರಾಜನ್ ಸಮಿತಿಗಳ ವರದಿಗಳು 1984 ಮತ್ತು 1989ರಲ್ಲಿ ಬಂದವು. ಕೊನೆಗೆ 2000-01ರಲ್ಲಿ ಸರಕಾರಿ ವಲಯದ ಬ್ಯಾಂಕುಗಳಲ್ಲಿ ಸುಮಾರು ಒಂದು ಲಕ್ಷ ನೌಕರರು ಸ್ವಯಂ ನಿವೃತ್ತಿ ಪಡೆದರು. ಹದಿನೇಳು ವರ್ಷಗಳ ಅವಕಾಶ, ಇಡುಗಂಟು, ಪಿಂಚಣಿ ಇವೆಲ್ಲ ದೊರೆತ ನಂತರ ಅವರು ಮನೆಗೆ ಹೋದರು. ಹಲವರು ಆ ಹಣದಿಂದ ಅಂಗಡಿ ತೆರೆದು ಇಂಥ ವಾಣಿಜ್ಯ ಸಂಸ್ಥೆಗಳಿಗೇ ಸದಸ್ಯರಾದರು.

ಬೀಜ ಒಡೆಯುವ ಹೆಂಗಸಿಗೆ ಇಂಥ ಒಪ್ಪಂದವಿಲ್ಲ. ಆಕೆಯ ಮಜೂರಿ ತೂಕದ ಲೆಕ್ಕದ್ದು. ಕೆಲಸ ಕಡಿಮೆಯಾಗುವುದು ಒಂದು ದಿನದ ಆದೇಶದಿಂದಲ್ಲ. ಮೊದಲು ಬೀಜ ಕಡಿಮೆ ಸಿಗುತ್ತದೆ, ಆಮೇಲೆ ವಾರದಲ್ಲಿ ನಾಲ್ಕು ದಿನ ಕೆಲಸ, ಆಮೇಲೆ ಮೂರು. ಆಕೆ ತಾನಾಗಿ ಬರುವುದನ್ನು ನಿಲ್ಲಿಸುತ್ತಾಳೆ. ದಾಖಲೆಯಲ್ಲಿ ಅದು "ಸ್ವಇಚ್ಛೆಯಿಂದ ಬಿಟ್ಟದ್ದು". ಒಂದೇ ಬಗೆಯ ಬದಲಾವಣೆ ಒಬ್ಬರಿಗೆ ಬಂಡವಾಳವಾಗಿ, ಇನ್ನೊಬ್ಬರಿಗೆ ಬರಿಗೈಯಾಗಿ ಪರಿಣಮಿಸಿದ್ದು ಯಂತ್ರದ ಗುಣದಿಂದಲ್ಲ, ಅದನ್ನು ತಂದ ಕ್ರಮದಿಂದ.

ಅಂಕಿಗಳಲ್ಲಿ ನೋಡೋಣ

ಇನ್ನು ದರಪಟ್ಟಿಗೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡ ಊಹೆಗಳು. ಪ್ರತಿಯೊಬ್ಬರೂ ತಮ್ಮ ಪುಸ್ತಕದ ಅಂಕಿಗಳನ್ನು ಹಾಕಿಕೊಳ್ಳಬೇಕು.

ದಿನಕ್ಕೆ 2 ಟನ್ ಹಸಿ ಬೀಜ ಸಂಸ್ಕರಿಸುವ, ವರ್ಷಕ್ಕೆ 250 ದಿನ ನಡೆಯುವ ಒಂದು ಸಣ್ಣ ಕಾರ್ಖಾನೆ ಇದೆಯೆಂದುಕೊಳ್ಳೋಣ. ಶೇಕಡ 22ರಂತೆ 440 ಕಿಲೋ ತಿರುಳು ದೊರೆಯುತ್ತದೆ. ಬೀಜ ಒಡೆಯಲು 30 ಹೆಂಗಸರಿದ್ದಾರೆ. ತೂಕದ ಮಜೂರಿಯನ್ನು ದಿನಕ್ಕೆ ಪರಿವರ್ತಿಸಿದರೆ ತಲಾ 400 ರೂಪಾಯಿ. ಭವಿಷ್ಯ ನಿಧಿ, ಇ.ಎಸ್.ಐ., ಬೋನಸ್ ಮೊದಲಾದವು ಸೇರಿ ಮಾಲೀಕನಿಗೆ ಬೀಳುವ ಖರ್ಚು 500 ರೂಪಾಯಿ. ಒಟ್ಟು ದಿನಕ್ಕೆ 15,000.

ಯಂತ್ರದ ಬೆಲೆ 40 ಲಕ್ಷ. ಹತ್ತು ವರ್ಷದ ಸವಕಳಿ 4 ಲಕ್ಷ, ಶೇಕಡ 10ರ ಬಡ್ಡಿ ಮೊದಲ ವರ್ಷ 4 ಲಕ್ಷ. ಒಟ್ಟು 8 ಲಕ್ಷವನ್ನು 250 ದಿನಕ್ಕೆ ಹಂಚಿದರೆ ದಿನಕ್ಕೆ 3,200. ಯಂತ್ರ ಬಂದರೂ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಯಂತ್ರ ಅರ್ಧ ಕತ್ತರಿಸಿ ಬಿಟ್ಟ ಬೀಜವನ್ನು ಬಿಡಿಸಲು, ಚಿಪ್ಪಿನಿಂದ ತಿರುಳನ್ನು ಹೆಕ್ಕಲು 10 ಹೆಂಗಸರು ಬೇಕೇ ಬೇಕು, ಅದಕ್ಕೆ 5,000. ಯಂತ್ರ ನಡೆಸುವ ಇಬ್ಬರಿಗೆ 1,400. ವಿದ್ಯುತ್ತು, ಅಲಗು, ದುರಸ್ತಿಗೆ 1,400. ಒಟ್ಟು 11,000. ಆದ್ದರಿಂದ ಉಳಿತಾಯ ದಿನಕ್ಕೆ 4,000 ರೂಪಾಯಿ. ಯಂತ್ರ ತಯಾರಕನ ಕಾಗದ ಇಲ್ಲಿಗೆ ಮುಗಿಯುತ್ತದೆ.

ನಿಜವಾದ ಲೆಕ್ಕ ಇಲ್ಲಿಂದ ಆರಂಭ. ಅನುಭವಿ ಕೈ ಒಡೆದ ಬೀಜದಲ್ಲಿ ಇಡಿ ತಿರುಳಿನ ಪ್ರಮಾಣ ಹೆಚ್ಚು. ಕೈಗೆ ಬೀಜದ ಗಾತ್ರ ತಿಳಿಯುತ್ತದೆ, ಯಂತ್ರದ ಅಲಗಿಗೆ ತಿಳಿಯುವುದಿಲ್ಲ. ಇಡಿ ತಿರುಳಿಗೂ ಮುರಿದದ್ದಕ್ಕೂ ಸರಾಸರಿ ಕಿಲೋಗೆ 150 ರೂಪಾಯಿ ಅಂತರವಿದೆಯೆಂದು ಹಿಡಿಯೋಣ. ಇಡಿ ತಿರುಳಿನ ಪ್ರಮಾಣ ನೂರಕ್ಕೆ ಮೂರರಷ್ಟು ಇಳಿದರೆ 13.2 ಕಿಲೋ ಕೆಳದರ್ಜೆಗೆ ಜಾರಿ ದಿನಕ್ಕೆ 1,980 ರೂಪಾಯಿ ನಷ್ಟ. ಉಳಿಯುವುದು 2,020. ನೂರಕ್ಕೆ ಆರರಷ್ಟು ಇಳಿದರೆ ನಷ್ಟ 3,960, ಉಳಿತಾಯವೆಲ್ಲ ಕರಗಿತು. ನಾನು ಬಲ್ಲ ಒಬ್ಬ ಕಿರಿಯ ಉದ್ಯಮಿ ಗಾತ್ರ ವಿಂಗಡಿಸುವ ಜರಡಿಗೆ ಹಣ ಉಳಿಸಿ ಒಡೆಯುವ ಯಂತ್ರಕ್ಕೆ ಮಾತ್ರ ಹಣ ಹಾಕಿದರು. ದೊಡ್ಡ ಬೀಜ, ಸಣ್ಣ ಬೀಜ ಎರಡೂ ಒಂದೇ ಅಲಗಿಗೆ ಹೋದವು. ಮೂರು ತಿಂಗಳಲ್ಲಿ ಗೋದಾಮಿನ ತುಂಬ ಹೋಳು, ತುಂಡು. ಹಳೆಯ ಹೆಂಗಸರನ್ನು ಕರೆಯಲು ಮನೆಮನೆಗೆ ಹೋದಾಗ ಅರ್ಧ ಮಂದಿ ಬೇರೆ ಕಡೆ ಸೇರಿಯಾಗಿತ್ತು.

ಎರಡನೆಯದು ದಿನಗಳ ಲೆಕ್ಕ. ನಮ್ಮ ಊರಿನ ಬೀಜದ ಸುಗ್ಗಿ ಬೇಸಿಗೆಯ ಕೆಲವು ತಿಂಗಳು ಮಾತ್ರ. ವರ್ಷವಿಡೀ ಕಾರ್ಖಾನೆ ನಡೆಯಬೇಕಾದರೆ ಐವರಿ ಕೋಸ್ಟ್, ಬೆನಿನ್, ಗಿನಿ ಬಿಸಾವ್, ತಾಂಜಾನಿಯಾಗಳಿಂದ ಹಡಗಿನಲ್ಲಿ ಬೀಜ ಬರಬೇಕು; ಅದಕ್ಕೆ ದೊಡ್ಡ ದುಡಿಮೆ ಬಂಡವಾಳ ಬೇಕು. ಹಣವೆಲ್ಲ ಯಂತ್ರದಲ್ಲಿ ಕೂತು ಬೀಜಕ್ಕೆ ಸಾಲದೆ ಕಾರ್ಖಾನೆ 150 ದಿನ ಮಾತ್ರ ನಡೆದರೆ, ಯಂತ್ರದ 8 ಲಕ್ಷ ದಿನಕ್ಕೆ 5,333 ರೂಪಾಯಿಯಾಗುತ್ತದೆ. ಆಗ ಉಳಿತಾಯ 1,867. ನೂರಕ್ಕೆ ಮೂರರ ತುಂಡಿನ ನಷ್ಟ 1,980 ಕಳೆದರೆ ದಿನಕ್ಕೆ 113 ರೂಪಾಯಿ ಕೈಯಿಂದಲೇ ಹೋಗುತ್ತದೆ. ಬೀಜವಿಲ್ಲದ ದಿನ ಹೆಂಗಸರಿಗೆ ತೂಕದ ಮಜೂರಿ ಇಲ್ಲ, ಆದರೆ ಬ್ಯಾಂಕಿನ ಬಡ್ಡಿಗೆ ರಜೆ ಇಲ್ಲ. ಕ್ರೂರವೆನಿಸಿದರೂ ಇದು ಸತ್ಯ: ಇಷ್ಟು ಕಾಲ ಸುಗ್ಗಿಯ ಏರಿಳಿತದ ಅಪಾಯವನ್ನು ಹೊತ್ತದ್ದು ಮಾಲೀಕನಲ್ಲ, ಆ ಹೆಂಗಸರು. ಯಂತ್ರ ಕೊಂಡ ದಿನ ಆ ಅಪಾಯ ಮಾಲೀಕನ ಹೆಗಲಿಗೆ ಬರುತ್ತದೆ.

ಮೂರನೆಯದು, ಬಿಡುಗಡೆ ಮಾಡಿದವರಿಗೆ ಕೊಡಬೇಕಾದ ಹಣ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಮೂಲ ನಿಯಮ ಬದಲಾಗಿಲ್ಲ. ಒಂದು ವರ್ಷ ಸತತ ಸೇವೆ ಸಲ್ಲಿಸಿದವರನ್ನು ಕಡಿತಗೊಳಿಸಬೇಕಾದರೆ ಒಂದು ತಿಂಗಳ ಲಿಖಿತ ತಿಳಿವಳಿಕೆ ಅಥವಾ ಅದಕ್ಕೆ ಬದಲಾಗಿ ವೇತನ, ಮತ್ತು ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಕೊಡಬೇಕು. ತೂಕದ ಮಜೂರಿಯವರಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಹೊಸ ಸಂಹಿತೆಯಲ್ಲಿ ಇದರ ಮೇಲೆ, ಕಡಿತಗೊಂಡ ಪ್ರತಿಯೊಬ್ಬರ ಪರವಾಗಿ 15 ದಿನಗಳ ವೇತನವನ್ನು ಮರುಕೌಶಲ ನಿಧಿಗೆ ಮಾಲೀಕ ಕಟ್ಟಬೇಕು. ಅದು ಆ ಕಾರ್ಮಿಕರ ಖಾತೆಗೆ ಹೋಗುತ್ತದೆ. ಸರಕಾರದ ಪೂರ್ವಾನುಮತಿಯ ಅಗತ್ಯವಿರುವ ಕಾರ್ಖಾನೆಗಳ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿರುವುದರಿಂದ ನಮ್ಮ ಹೆಚ್ಚಿನ ಸದಸ್ಯರು ಅನುಮತಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅನುಮತಿ ಬೇಡವೆಂದರೆ ಪರಿಹಾರ ಬೇಡವೆಂದು ಅರ್ಥವಲ್ಲ.

ನಮ್ಮ ಉದಾಹರಣೆಯ 20 ಹೆಂಗಸರಿಗೆ ಸರಾಸರಿ 15 ವರ್ಷದ ಸೇವೆ ಇದ್ದರೆ ತಲಾ 400 ರೂಪಾಯಿಯಂತೆ ಪರಿಹಾರ 90,000. ಇಪ್ಪತ್ತು ಮಂದಿಗೆ 18 ಲಕ್ಷ. ಮರುಕೌಶಲ ನಿಧಿಗೆ 1 ಲಕ್ಷ 20 ಸಾವಿರ. ಗ್ರಾಚ್ಯುಟಿಯೂ ಸುಮಾರು ಅಷ್ಟೇ, ಅಂದರೆ ಮತ್ತೆ 18 ಲಕ್ಷ. ಗ್ರಾಚ್ಯುಟಿ ಎಂದಾದರೂ ಕೊಡಲೇಬೇಕಾದ ಸಾಲ, ಅದನ್ನು ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ವರ್ಷವರ್ಷ ಅದಕ್ಕೆ ಹಣ ತೆಗೆದಿಡದವನಿಗೆ ಅದು ಒಮ್ಮೆಲೇ ಬಂದು ನಿಲ್ಲುತ್ತದೆ. ಒಟ್ಟು 37 ಲಕ್ಷ 20 ಸಾವಿರ: ಇನ್ನೊಂದು ಯಂತ್ರದ ಬೆಲೆಗೆ ಹತ್ತಿರ. ಗ್ರಾಚ್ಯುಟಿಯನ್ನು ಬಿಟ್ಟು 19 ಲಕ್ಷ 20 ಸಾವಿರವನ್ನು ಮಾತ್ರ ಹಿಡಿದರೂ, ದಿನಕ್ಕೆ 2,020ರಂತೆ ವರ್ಷಕ್ಕೆ ಉಳಿಯುವ 5 ಲಕ್ಷ 5 ಸಾವಿರದಿಂದ ಅದನ್ನು ತೀರಿಸಲು ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ ಬೇಕು. ಎರಡು ವರ್ಷದಲ್ಲಿ ಹಣ ಹಿಂತಿರುಗುವ ಮಾತು ಎಲ್ಲಿ ಉಳಿಯಿತು?

ಪರಿಹಾರ ಕೊಡದೆಯೇ ಕಳುಹಿಸಿದವರೂ ಇದ್ದಾರೆ ಎಂದು ಯಾರಾದರೂ ಹೇಳಬಹುದು. ಇದ್ದಾರೆ. ಅವರ ಉಳಿತಾಯ ಯಂತ್ರದಿಂದ ಬಂದದ್ದಲ್ಲ, ಆ ಹೆಂಗಸರ ಬಾಕಿಯಿಂದ ಬಂದದ್ದು. ಲೆಕ್ಕಪತ್ರದಲ್ಲಿ ಅದಕ್ಕೆ ಬೇರೆ ಹೆಸರಿದೆ.

ಶನಿವಾರದ ಬಟವಾಡೆ

ಈ ಪತ್ರಿಕೆಯ ಓದುಗರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕಾರ್ಖಾನೆಯವರಲ್ಲ, ವರ್ತಕರು. ಅವರಿಗೂ ಈ ಲೆಕ್ಕದಲ್ಲಿ ಪಾಲಿದೆ. ಮೇಲಿನ 20 ಹೆಂಗಸರ ಮಜೂರಿ ವಾರಕ್ಕೆ ಆರು ದಿನಕ್ಕೆ 48,000 ರೂಪಾಯಿ. ಈ ಹಣ ಶನಿವಾರ ಸಂಜೆ ಬಟವಾಡೆಯಾಗಿ ಅದೇ ಸಂಜೆ ಜೀನಸಿನ ಅಂಗಡಿ, ಮೀನಿನ ಮಾರುಕಟ್ಟೆ, ಔಷಧಿ ಅಂಗಡಿ, ಬಟ್ಟೆ ಅಂಗಡಿಗಳಲ್ಲಿ ಇಳಿಯುತ್ತದೆ. ಉಳಿದದ್ದು ಸ್ವಸಹಾಯ ಸಂಘದ ವಾರದ ಕಂತಿಗೆ. ಹಿಂದೆ ಪಿಗ್ಮಿ ಸಂಗ್ರಾಹಕರು ಇಂಥ ಕಾರ್ಖಾನೆಗಳ ಗೇಟಿನಲ್ಲಿ ಕಾಯುತ್ತಿದ್ದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿಯ ಹಿಂದಿದ್ದ ತಿಳಿವಳಿಕೆ ಇದೇ: ಸಣ್ಣ ಮಜೂರಿ ಪ್ರತಿದಿನ ಬಂದರೆ ಅದು ಬಂಡವಾಳ. ಯಂತ್ರದ ಬಡ್ಡಿಯಾಗಿ, ಬಿಡಿಭಾಗದ ಬೆಲೆಯಾಗಿ ಹೋಗುವ ಹಣ ಊರಿನಲ್ಲಿ ಇಳಿಯುವುದಿಲ್ಲ. ಒಂದು ಕಾರ್ಖಾನೆಯ ಮಟ್ಟಿಗೆ ಇದು ಗಮನಕ್ಕೆ ಬರದು. ಒಂದೇ ಪೇಟೆಯ ಸುತ್ತಲಿನ ಹತ್ತು ಕಾರ್ಖಾನೆಗಳು ಎರಡು ವರ್ಷಗಳಲ್ಲಿ ಯಂತ್ರಕ್ಕೆ ಹೊರಳಿದರೆ ಅಂಗಡಿಯ ಸಾಲದ ಪುಸ್ತಕ ದಪ್ಪವಾಗತೊಡಗುತ್ತದೆ.

ಇನ್ನು ಹೊಸ ಕೆಲಸಗಳ ವಿಷಯ. ಯಂತ್ರ ಕೆಲಸ ಕಸಿದಷ್ಟೇ ಕೆಲಸ ಸೃಷ್ಟಿಸುತ್ತದೆ ಎಂಬ ವಾದ ದೇಶದ ಒಟ್ಟು ಲೆಕ್ಕದಲ್ಲಿ ದೀರ್ಘಕಾಲಕ್ಕೆ ನಿಜವಿರಬಹುದು. ಕೆಲಸ ಹೋದದ್ದು ಯಾರದು, ಬಂದದ್ದು ಯಾರಿಗೆ ಎಂದು ಕೇಳಿದಾಗ ಉತ್ತರ ಬೇರೆಯಾಗುತ್ತದೆ. ಬೀಜ ಒಡೆಯುವ ಸಾಲಿನಿಂದ ಎದ್ದವಳು ಐವತ್ತು ದಾಟಿದ ಹೆಂಗಸು. ಯಂತ್ರದ ಪಕ್ಕ ನಿಂತವನು ಐ.ಟಿ.ಐ. ಮುಗಿಸಿದ ಇಪ್ಪತ್ತೆರಡರ ಹುಡುಗ. ಸಂಖ್ಯೆಯಲ್ಲಿ ಇಪ್ಪತ್ತಕ್ಕೆ ಎರಡು. ಹೆಂಗಸರೇ ಸಂಪಾದಿಸುವ ಮನೆಗಳು ಕರಾವಳಿಯಲ್ಲಿ ಹೆಚ್ಚು. ಆ ಮಜೂರಿಯಿಂದ ಮಗಳ ಕಾಲೇಜು ಶುಲ್ಕ, ಮನೆಯ ಮಾಡು, ಇ.ಎಸ್.ಐ. ಆಸ್ಪತ್ರೆಯ ಚೀಟಿ ಎಲ್ಲ ನಡೆಯುತ್ತಿದ್ದವು. ಕೆಲಸ ಹೋದಾಗ ಸಂಬಳದೊಂದಿಗೆ ಇ.ಎಸ್.ಐ. ಚಿಕಿತ್ಸೆಯ ಹಕ್ಕೂ ಕ್ರಮೇಣ ಹೋಗುತ್ತದೆ. ದಶಕಗಳ ಕಾಲ ಕುಳಿತು ದುಡಿದು ಬೆನ್ನು, ಮಂಡಿ ನೋಯುವ ವಯಸ್ಸಿನಲ್ಲಿಯೇ ಅದು ಹೋಗುವುದು ವಿಪರ್ಯಾಸ. ಇವರಿಗೆ ಮುಂದೆ ಸಿಗುವುದು ಮನೆಗೆಲಸ, ತೋಟದ ಬಿಡಿಕೆಲಸ ಅಥವಾ ಬೀಡಿ. ಬೀಡಿಯ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಬೀಜ ಒಡೆಯುವ ಕೆಲಸವನ್ನು ಉಳಿಸಬೇಕಾದ ಸಂಸ್ಕೃತಿಯೆಂದು ಭಾವಿಸುವವರಲ್ಲಿ ನಾನಿಲ್ಲ. ಆ ಎಣ್ಣೆಗೆ ಕೈ ಕೊಟ್ಟವರು ಯಾರೂ ಅದನ್ನು ಹೊಗಳಿದ್ದನ್ನು ಕೇಳಿಲ್ಲ. ಆ ಕೆಲಸ ಯಂತ್ರಕ್ಕೆ ಹೋಗುವುದು ಒಳ್ಳೆಯದೇ. ಪ್ರಶ್ನೆಯಿರುವುದು ಅದರಿಂದ ಎದ್ದವರನ್ನು ಎಲ್ಲಿ ಕೂರಿಸುತ್ತೇವೆ ಎಂಬುದರಲ್ಲಿ.

ಹೊಂದಿಸಿಕೊಳ್ಳುವ ದಾರಿ

ನಮ್ಮ ಲೆಕ್ಕವನ್ನು ಸ್ವಲ್ಪ ಬೇರೆ ಕ್ರಮದಲ್ಲಿ ಮಾಡಿ ನೋಡಬಹುದು. 30 ಮಂದಿಯಲ್ಲಿ ಅರ್ಧದಷ್ಟು ಐವತ್ತು ದಾಟಿದವರಿದ್ದರೆ ನಿವೃತ್ತಿ, ಅನಾರೋಗ್ಯ, ಸಂಸಾರದ ಕಾರಣಗಳಿಂದ ವರ್ಷಕ್ಕೆ ಮೂರು ನಾಲ್ಕು ಮಂದಿ ತಾವಾಗಿ ಬಿಡುತ್ತಾರೆ. ಐದಾರು ವರ್ಷದಲ್ಲಿ ಆ 20ರ ಸಂಖ್ಯೆ ಯಾರನ್ನೂ ಕಳುಹಿಸದೆಯೇ ತುಂಬುತ್ತದೆ. ಹಾಗಾದರೆ ಯಂತ್ರವನ್ನು ಇವರ ಸ್ಥಾನಕ್ಕಲ್ಲ, ಇವರು ಬಿಟ್ಟ ಸ್ಥಾನಕ್ಕೆ ತರಬೇಕು. ಮೊದಲು ಗಾತ್ರ ವಿಂಗಡಿಸುವ ಜರಡಿ, ಅದರ ಮೇಲೆ ಅರ್ಧ ಸಾಮರ್ಥ್ಯದ ಕಟ್ಟಿಂಗ್. ಡಬ್ಲ್ಯು 180, 240ರಂಥ ದೊಡ್ಡ ತಿರುಳು ಕೊಡುವ ಬೀಜ ಇನ್ನೂ ಕೆಲಕಾಲ ಅನುಭವಿ ಕೈಗೇ ಇರಲಿ, ತುಂಡಾದರೆ ಹೆಚ್ಚು ನಷ್ಟ ಅದರಲ್ಲೇ. ಯಂತ್ರದಿಂದ ಉತ್ಪಾದನೆ ಹೆಚ್ಚಿದಂತೆ ಸಿಪ್ಪೆ ತೆಗೆಯುವ, ವಿಂಗಡಿಸುವ ವಿಭಾಗಗಳಿಗೆ ಕೈ ಬೇಕಾಗುತ್ತವೆ. ಗಾಳಿಯ ಒತ್ತಡದ ಪೀಲಿಂಗ್ ಯಂತ್ರ ಒಳಸಿಪ್ಪೆಯನ್ನು ಪೂರ್ತಿ ಬಿಡಿಸುವುದಿಲ್ಲ. ಅಂಟಿದ ಚೂರನ್ನು ತೆಗೆಯುವುದು ಇಂದಿಗೂ ಬೆರಳಿನ ಕೆಲಸ.

ಬಣ್ಣ ವಿಂಗಡಿಸುವ ಯಂತ್ರದ ವಿಷಯದಲ್ಲಿ ಒಂದು ಮಾತು. ಅದರೊಳಗಿನ ಕ್ಯಾಮೆರಾ ತಿರುಳಿನ ಛಾಯೆ ನೋಡಿ, ಗಾಳಿಯ ಸಣ್ಣ ಹೊಡೆತದಿಂದ ಬೇಡದ್ದನ್ನು ಆಚೆ ತಳ್ಳುತ್ತದೆ. ಯಾವ ಛಾಯೆ ಬೇಕು, ಯಾವುದು ಬೇಡ ಎಂದು ಅದಕ್ಕೆ ಮೊದಲು ಹೇಳಿಕೊಡಬೇಕು. ಇದನ್ನು ಬಹಳ ಕಡೆ ಗುಂಡಿ ಒತ್ತಲು ಬರುವ ಹುಡುಗನಿಗೆ ಬಿಡುತ್ತಾರೆ. ಅವನಿಗೆ ಸುಟ್ಟ ಛಾಯೆಗೂ ದಂತದ ಬಣ್ಣಕ್ಕೂ ಭೇದ ತಿಳಿಯದು. ಇಪ್ಪತ್ತು ವರ್ಷ ಗ್ರೇಡಿಂಗ್ ಮೇಜಿನಲ್ಲಿ ಕುಳಿತವಳಿಗೆ ಅದು ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಗುಂಡಿಗಳನ್ನು ಆಕೆಗೆ ಕಲಿಸಲು ಎರಡು ವಾರ ಸಾಕು. ಹುಡುಗನಿಗೆ ತಿರುಳು ಕಲಿಸಲು ಎರಡು ಸುಗ್ಗಿ ಬೇಕು. ಪರದೆಯ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲಿರುವುದೊಂದೇ ಅಡ್ಡಿ. ಮೊಬೈಲ್ ಫೋನಿನಲ್ಲಿ ಮೊಮ್ಮಕ್ಕಳೊಂದಿಗೆ ಮಾತಾಡಲು ಕಲಿತವರಿಗೆ ಎಂಟು ಚಿಹ್ನೆಗಳನ್ನು ಕಲಿಯುವುದು ಅಸಾಧ್ಯವಲ್ಲ. ಯಂತ್ರ ಕೊಳ್ಳುವಾಗಲೇ ಕನ್ನಡದ ಚೀಟಿಗಳನ್ನು ಅಂಟಿಸಿಕೊಡುವಂತೆ, ಇಬ್ಬರು ಹೆಂಗಸರಿಗೆ ತರಬೇತಿ ಕೊಡುವಂತೆ ಕರಾರಿನಲ್ಲಿ ಬರೆಸಿಕೊಳ್ಳಬಹುದು. ಹಣ ಕೊಡುವ ಮೊದಲು ಕೇಳಿದರೆ ಯಾವ ತಯಾರಕನೂ ಇಲ್ಲವೆನ್ನಲಾರ.

ಒಂದು ವೇಳೆ ಕಡಿತ ಅನಿವಾರ್ಯವೇ ಆದರೆ, ಕೊನೆಗೆ ಬಂದವರು ಮೊದಲು ಎಂಬ ಕ್ರಮ ಕಾನೂನಿನಲ್ಲಿದೆ. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದಾಗ ಕಡಿತಗೊಂಡವರಿಗೆ ಆದ್ಯತೆ ಕೊಡಬೇಕೆಂಬುದೂ ಇದೆ. ಮೇಲೆ ಹೇಳಿದ ಕಿರಿಯ ಉದ್ಯಮಿ ಪಟ್ಟ ಪಾಡನ್ನು ನೋಡಿದರೆ ಈ ನಿಯಮ ಕಾರ್ಮಿಕರಿಗಷ್ಟೇ ಅಲ್ಲ, ಮಾಲೀಕನಿಗೂ ಉಪಕಾರಿ ಎಂದು ಅನ್ನಿಸುತ್ತದೆ. ವಿಳಾಸ, ದೂರವಾಣಿ ಸಂಖ್ಯೆಯ ಪಟ್ಟಿಯನ್ನು ಜೋಪಾನವಾಗಿಡಿ.

ಕೊನೆಯದಾಗಿ, ಯಂತ್ರಕ್ಕೆ ಸಾಲ ಕೇಳಲು ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಯ ಬಗ್ಗೆ. ಕಳೆದ ಕೆಲವು ವರ್ಷಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಇಂಥ ವರದಿಗಳಲ್ಲಿ ಯಂತ್ರದ ಬೆಲೆ, ಕಟ್ಟಡ, ವಿದ್ಯುತ್ ಸಂಪರ್ಕ, ದುಡಿಮೆ ಬಂಡವಾಳ ಎಲ್ಲಕ್ಕೂ ಅಂಕಣವಿರುತ್ತದೆ. ಬಿಡುಗಡೆಯಾಗುವವರ ಪರಿಹಾರ, ಬಾಕಿ ಗ್ರಾಚ್ಯುಟಿ, ಉಳಿಯುವವರ ತರಬೇತಿ ಇವಕ್ಕೆ ಅಂಕಣವಿಲ್ಲ. ವರದಿಯಲ್ಲಿ ಇಲ್ಲದ ಖರ್ಚಿಗೆ ಬ್ಯಾಂಕು ಸಾಲ ಕೊಡದು. ಆದ್ದರಿಂದ ಅದು ದುಡಿಮೆ ಬಂಡವಾಳದಿಂದ ಹೋಗುತ್ತದೆ, ಇಲ್ಲವೇ ಕೊಡದೆ ಉಳಿಯುತ್ತದೆ. ನಮ್ಮ ಸದಸ್ಯರ ಲೆಕ್ಕಪರಿಶೋಧಕರು ಮುಂದಿನ ವರದಿಯಲ್ಲಿ ಈ ಮೂರು ಸಾಲುಗಳನ್ನು ಸೇರಿಸಲಿ. ಮರುಪಾವತಿಯ ಅವಧಿ ಐದರ ಬದಲು ಏಳು ವರ್ಷವೆಂದು ತೋರಿದರೆ ಆ ಏಳು ವರ್ಷವನ್ನೇ ಬ್ಯಾಂಕಿನ ಮುಂದೆ ಇಡಬೇಕು.